ರೈಲಿಗೆ ಮೂರಡಿ ಜಾಗ

ಸಂತೇಬೆನ್ನೂರಿನ ಹೊಂಡದ ಬೀದಿಯ ಬೆನಕಪ್ಪನವರಿಗೆ ರೈಲಿನ ಹುಚ್ಚು ಯಾವಾಗ ಹಿಡಿಯಿತು ಎಂಬ ವಿಷಯದಲ್ಲಿ ಬೀದಿಯವರು ಎರಡು ಪಂಗಡ. ರಿಟೈರ್ ಆದ ದಿನ ಹಿಡಿಯಿತು ಎನ್ನುವವರು ಕೆಲವರು. ಛೇ, ಮೂವತ್ತೊಂದು ವರ್ಷ ಚನ್ನಗಿರಿ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕೂತು ಮೈಕಿನಲ್ಲಿ ಬಸ್ಸು ಕೂಗಿ ಕೂಗಿ ಆ ಕಾವು ತಲೆಗೇರಿತು ಎನ್ನುವವರು ಇನ್ನು ಕೆಲವರು. ಅವರ ಹೆಂಡತಿ ದುರ್ಗಾಂಬಿಕಾ ಎರಡೂ ಪಂಗಡಕ್ಕೆ ಸೇರಿದವರಲ್ಲ. "ಹುಚ್ಚು ಮೊದ್ಲಿಂದ್ಲೂ ಇತ್ತು. ಡ್ಯೂಟಿ ಇತ್ತಲ್ಲ, ಅದ್ಕೆ ಯಾರ್ಗೂ ಗೊತ್ತಾಗ್ತಿರ್ಲಿಲ್ಲ" ಎಂಬುದು ಅವರ ಅಭಿಪ್ರಾಯ. ಹೆಂಡತಿಯ ಅಭಿಪ್ರಾಯದ ಮುಂದೆ ಬೀದಿಯ ಅಭಿಪ್ರಾಯ ಯಾವ ಲೆಕ್ಕ?

ನಡೆದದ್ದು ಇಷ್ಟು. ಬೀಳ್ಕೊಡುಗೆಯ ದಿನ ಡಿಪೋದವರು ಶಾಲು ಹಾರದ ಜೊತೆಗೆ ಒಂದು ಆಟದ ರೈಲು ಕೊಟ್ಟರು. "ನಾನು ರೈಲ್ವೇಗೆ ಸೇರ್ಬೇಕಿತ್ತು ಕಣ್ರಯ್ಯಾ" ಎಂದು ಮೂವತ್ತೊಂದು ವರ್ಷ ಅವರ ಬಾಯಲ್ಲಿ ಕೇಳಿ ಕೇಳಿ ಬೇಸತ್ತವರು ಮಾಡಿದ ಉಪಾಯ ಅದು. ಒಂದು ಎಂಜಿನ್ನು, ಮೂರು ಬೋಗಿ, ಕರೆಂಟಿನ ಸ್ವಿಚ್ಚು, ಮತ್ತೆ ಬಾಗಿದ ಹಳಿಗಳು. ಹಳಿಗಳನ್ನು ಜೋಡಿಸಿದರೆ ಮೂರಡಿ ಅಗಲದ ಒಂದು ಸುತ್ತು ಆಗುತ್ತಿತ್ತು. ನಮ್ಮೂರಿಗೆ ರೈಲಿಲ್ಲ, ನೋಡಬೇಕೆಂದರೆ ದಾವಣಗೆರೆಗೋ ಚಿಕ್ಕಜಾಜೂರಿಗೋ ಹೋಗಬೇಕು. ಹಾಗಾಗಿ ಬೆನಕಪ್ಪನವರು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಯಾರಿಗೂ ತಗುಲದಂತೆ ತಂದರು.

ಬುದ್ಧಿವಂತರಾಗಿದ್ದರೆ ಅದನ್ನು ಷೋಕೇಸಿನಲ್ಲಿಟ್ಟು ಮರೆಯುತ್ತಿದ್ದರು. ಆದರೆ ಅದೇ ಸಂಜೆ ದುರ್ಗಾಂಬಿಕಾ ಅವರ ತಮ್ಮ ರೇವಣ್ಣ ಬಂದ. ಅವನಿಗೆ ಚನ್ನಗಿರಿ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ ಉಂಟು.

"ಭಾವಾರೆ, ಮನ್ಯಾಗೆ ಕುಂತು ಏನ್ ಮಾಡ್ತೀರಿ? ನಮ್ಮ ಮಂಟಪಕ್ಕೆ ಬಂದು ಕುಂದುರ್ರಿ. ಕಷ್ಟದ ಕೆಲ್ಸ ಏನಿಲ್ಲ. ಅಡಿಗೆಯೋರಿಗೆ ಸೌಟು ಎಣಿಸಿ ಕೊಡೋದು, ಮದ್ವೆ ಮುಗಿದ ಮ್ಯಾಲೆ ಎಣಿಸಿ ತಗೊಳ್ಳೋದು. ನಿಮ್ಮಂಥ ನಂಬಿಕಸ್ಥರು ಬೇಕು ನೋಡ್ರಿ."

ದಿನಕ್ಕೆ ನೂರ ನಲವತ್ತು ಬಸ್ಸು ಬಿಟ್ಟ ಬಾಯಿ, ಸೌಟು ಎಣಿಸುವುದೇ! ಬೆನಕಪ್ಪನವರು ರೈಲಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆದರೆ ಹೆಂಡತಿಯ ತಮ್ಮನಿಗೆ ನೇರವಾಗಿ ಒಲ್ಲೆ ಎನ್ನುವಷ್ಟು ಧೈರ್ಯ ಅವರಿಗೆ ಯಾವತ್ತೂ ಬಂದಿರಲಿಲ್ಲ.

"ಆಗಾಕಿಲ್ಲಪ್ಪ ರೇವಣ್ಣ," ಎಂದರು, ಗಂಟಲು ಸರಿ ಮಾಡಿಕೊಂಡು. "ನಾನೊಂದು ರೈಲ್ವೆ ಯೋಜನೆ ಕೈಗೆತ್ಕೊಂಡೀನಿ."

"ರೈಲ್ವೆ? ಎಲ್ಲಿಂದ ಎಲ್ಲಿಗೆ?"

ಬಾಯಿಗೆ ಬಂದದ್ದು ಮೂವತ್ತೊಂದು ವರ್ಷದ ಅಭ್ಯಾಸ. "ಜಗಳೂರು, ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ ಮಾರ್ಗವಾಗಿ ನ್ಯಾಮತಿ."

"ಅಷ್ಟು ದೂರ! ಎಲ್ಲಿ ಮಾಡ್ತೀರಿ ಅದ್ನ?"

"ನಮ್ಮ ನಡುಮನ್ಯಾಗೆ, ದೊಡ್ಡದೊಂದು ಹಲಿಗೆ ಹಾಸಿ," ಎಂದರು ಬೆನಕಪ್ಪನವರು, ಡಬ್ಬಿ ತೋರಿಸಿ.

ರೇವಣ್ಣ ನಗಲಿಲ್ಲ. ಅಕ್ಕನ ಮುಖ ನೋಡಿದ. ದುರ್ಗಾಂಬಿಕಾ ಮೊರ ಕೆಳಗಿಟ್ಟು ತೀರ್ಪು ಕೊಟ್ಟರು. "ಯುಗಾದಿ ತನ್ಕ ಟೈಮು. ಅಷ್ಟ್ರಾಗೆ ಈ ನಡುಮನ್ಯಾಗೆ ರೈಲು ಓಡಿತೋ, ಇವ್ರು ಸಾಯೋ ತನ್ಕ ರೈಲು ಆಡ್ಕೊಂಡಿರ್ಲಿ, ನಾನು ಚಕಾರ ಎತ್ತಾಕಿಲ್ಲ. ಓಡ್ಲಿಲ್ಲ, ಯುಗಾದಿ ಮಾರ್ನೇ ದಿನ ಮಂಟಪಕ್ಕೆ ಬಂದು ಸೌಟು ಎಣಿಸ್ತಾರೆ. ಹಲಿಗೆ ನಂಗೆ, ಸಂಡಿಗೆ ಹಾಕಾಕೆ."

ಯುಗಾದಿಗೆ ಮೂರು ತಿಂಗಳಿತ್ತು. ಮೂರು ತಿಂಗಳಲ್ಲಿ ನಿಜವಾದ ರೈಲೇ ಬಿಡಬಹುದು ಎಂದುಕೊಂಡರು ಬೆನಕಪ್ಪನವರು. ಪಾಪ, ಅವರಿಗೆ ಬಸ್ಸು ಗೊತ್ತಿತ್ತೇ ಹೊರತು ಬೀದಿ ಗೊತ್ತಿರಲಿಲ್ಲ.

ಮೊದಲ ಕೆಲಸವಾಗಿ ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ತಂದು ನಡುಮನೆಯಲ್ಲಿ ಎರಡು ಬೆಂಚಿನ ಮೇಲೆ ಹಾಸಿದರು. ಮೊಬೈಲಿನಲ್ಲಿ ಇಂಥ ರೈಲು ಮಾಡುವುದನ್ನು ಕಲಿಸುವ ಗಡ್ಡದ ವಿದೇಶಿಯೊಬ್ಬ ಸಿಕ್ಕಿದ. ಅವನ ಮಾತು ಅರ್ಧ ಅರ್ಥವಾಗುತ್ತಿತ್ತು, ಕೆಳಗೆ ಬರುವ ಅಕ್ಷರ ಓದುವಷ್ಟರಲ್ಲಿ ಮಾಯವಾಗುತ್ತಿತ್ತು. ಆದರೂ ಎರಡು ಸೂತ್ರ ಮನಸ್ಸಿಗೆ ನಾಟಿದವು. ಒಂದು, ಕಲ್ಪನೆಯ ಊರು ಮಾಡಬೇಡಿ, ನೀವು ಚೆನ್ನಾಗಿ ಬಲ್ಲ ನಿಜವಾದ ಜಾಗವನ್ನೇ ಮಾಡಿ. ಎರಡು, ಇರುವುದನ್ನೆಲ್ಲ ತುರುಕಬೇಡಿ, ಕೆಲವು ಮನೆ ಬಿಡಿ, ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಗಡ್ಡದವನು ಹೊಂಡದ ಬೀದಿಗೆ ಬಂದವನಲ್ಲ ಎಂಬುದು ಎರಡನೆಯ ಸೂತ್ರದಿಂದಲೇ ತಿಳಿಯುತ್ತದೆ.

ಐದೂರು ಬಿಟ್ಟು ತಮ್ಮ ಬೀದಿಯನ್ನೇ ಮಾಡುವುದೆಂದು ತೀರ್ಮಾನವಾಯಿತು. ಬೆನಕಪ್ಪನವರು ಮರುದಿನವೇ ಅಳತೆಗೆ ಇಳಿದರು. ಮೂರು ಹೆಜ್ಜೆಗೆ ಹಲಗೆಯ ಮೇಲೆ ಒಂದು ಬೆರಳು, ಇದು ಅವರ ಪ್ರಮಾಣ. ಶಾಸ್ತ್ರ ಚೆನ್ನಾಗಿತ್ತು, ಹೆಜ್ಜೆ ಮಾತ್ರ ಒಂದೇ ಸಮ ಬೀಳಲಿಲ್ಲ. ಮಾಜಿ ಮೆಂಬರು ನಾಗೇಂದ್ರಪ್ಪನವರ ಮನೆ ಮುಂದೆ ಚಹಾ ಕುಡಿಯುತ್ತಾ ನಡೆದದ್ದರಿಂದ ಹೆಜ್ಜೆ ಪುಟ್ಟದಾಗಿ, ಆ ಮನೆ ಅರಮನೆಯಷ್ಟಾಯಿತು. ಮಾರುತೇಶನ ಮನೆ ಹತ್ತಿರ ನಾಯಿ ಅಟ್ಟಿಸಿಕೊಂಡು ಬಂತು. ಅಲ್ಲಿ ಇಡೀ ಮನೆ ನಾಲ್ಕೇ ಹೆಜ್ಜೆಯಲ್ಲಿ ಮುಗಿಯಿತು.

ಬೀದಿಯಲ್ಲಿ ಒಟ್ಟು ಇಪ್ಪತ್ತೊಂದು ಮನೆ. ಗಡ್ಡದವನ ಮಾತಿನಂತೆ ಹನ್ನೊಂದನ್ನು ಆರಿಸಿ ಹತ್ತನ್ನು ಬಿಟ್ಟರು. ಮನೆ ಕಟ್ಟಲು ಗಟ್ಟಿ ರಟ್ಟು ಬೇಕಲ್ಲ? ಅಟ್ಟದ ಮೇಲೆ ಹಳೇ ಲಗ್ನಪತ್ರಿಕೆಗಳ ರಾಶಿಯೇ ಇತ್ತು. ಕತ್ತರಿಸಿ, ಗೋಂದು ಹಚ್ಚಿ, ಹದಿನೈದು ದಿನದಲ್ಲಿ ಹನ್ನೊಂದು ಮನೆ ಎದ್ದವು. ಒಂದರ ಗೋಡೆಯ ಮೇಲೆ "ತಮ್ಮ ಸುಖಾಗಮನ ಬಯಸುವ" ಎಂದಿತ್ತು, ಇನ್ನೊಂದರ ಮಾಳಿಗೆಯ ಮೇಲೆ "ಉಡುಗೊರೆ ಸ್ವೀಕರಿಸುವುದಿಲ್ಲ" ಎಂದಿತ್ತು. ತಮ್ಮ ಸ್ವಂತ ಮನೆಗೆ ಮಾತ್ರ ಬೆನಕಪ್ಪನವರು ಮಗಳ ಲಗ್ನಪತ್ರಿಕೆಯನ್ನೇ ಬಳಸಿದರು. ಹಳಿ ಜೋಡಿಸಿದರು. ಸುತ್ತು ಸರಿಯಾಗಿ ಕೂತಿತು. ಇನ್ನೇನು, ಸಂಕ್ರಾಂತಿಗೇ ರೈಲು ಬಿಡಬಹುದು.

ಅಷ್ಟರಲ್ಲಿ ಎದುರುಮನೆಯ ಅಜ್ಜಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು.

ಎಪ್ಪತ್ತೆಂಟು ವರ್ಷದ ಅಜ್ಜಮ್ಮ ಸೊಂಟಕ್ಕೆ ಕೈಕೊಟ್ಟು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಚಂದಾಗೈತೆ," ಎಂದಳು. ಮತ್ತೊಮ್ಮೆ ನೋಡಿದಳು. "ಬೆನಕಪ್ಪ, ನಮ್ಮನೆ ಎಲ್ಲೈತೋ?"

"ಅಜ್ಜಮ್ಮ, ಅದು... ಜಾಗ ಸಾಲ್ಲಿಲ್ಲ. ಕೆಲವು ಬಿಡ್ಬೇಕಂತೆ."

"ಯಾರಂದ್ರು?"

"ಮೊಬೈಲ್ನಾಗೆ ಒಬ್ರು."

"ಅವ್ರು ನಮ್ಮನೆ ನೋಡ್ಯಾರಾ?"

"ಇಲ್ಲ."

"ನೋಡ್ದಲೆ ಹೆಂಗೆ ಬಿಟ್ರು?" ಅಜ್ಜಮ್ಮ ಎರಡೂ ಕೈ ಮುಂದೆ ಚಾಚಿದಳು. "ನೀ ಹುಟ್ಟಿದಾಗ ಬಾಣಂತನ ಮಾಡಿದ್ದು ನಾನು. ನಿಮ್ಮವ್ವಂಗೆ ಎಣ್ಣೆ ನೀರು ಹಾಕಿದ್ದು ಈ ಕೈಲಿ. ನಾಗೇಂದ್ರಪ್ಪನ ಮಹಡಿ ಐತೆ, ಅವ್ರ ನೀರಿನ ಟ್ಯಾಂಕು ಐತೆ, ನಾನು ಮಾತ್ರ ಇಲ್ಲ."

ಮಜ್ಜಿಗೆ ತಗೊಳ್ಳದೆಯೇ ಅಜ್ಜಮ್ಮ ಹೋದಳು. ಬೆನಕಪ್ಪನವರು ಮತ್ತೆ ಗೋಂದಿನ ಡಬ್ಬಿ ತೆರೆದರು. ಅವರಿಗೆ ಹಳೆಯದೊಂದು ಪೆಟ್ಟು ನೆನಪಾಯಿತು. ಮಗಳ ಮದುವೆಯ ಪತ್ರಿಕೆಯಲ್ಲಿ ನ್ಯಾಮತಿಯ ದೊಡ್ಡಪ್ಪನ ಮಗನ ಹೆಸರು ಬಿಟ್ಟುಹೋಗಿತ್ತು. ಆತ ಮದುವೆಗೆ ಬಂದ, ಊಟ ಮಾಡಿದ, ಅಂದಿನಿಂದ ಮಾತು ಬಿಟ್ಟ. ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಒಬ್ಬ, ಹಲಗೆಯಲ್ಲಿ ಮನೆ ಬಿಟ್ಟರೆ ಹತ್ತು ಮನೆಯವರು! ಸಂಜೆಯೊಳಗೆ ಅಜ್ಜಮ್ಮನ ಮನೆ ಹಲಗೆಯ ಮೇಲೆ ಎದ್ದಿತು. ಮರುದಿನ ಅಜ್ಜಮ್ಮ ಬಂದು ನೋಡಿ, ಕಣ್ಣೊರೆಸಿಕೊಂಡು, "ಕೋಳಿಗೂಡು?" ಎಂದಳು.

ಕೋಳಿಗೂಡು ಬಂತು. ಅದರ ಹಿಂದೆ ಅವಳ ಬಣವೆಯೂ ಬಂತು.

ಆಮೇಲೆ ಬಾಗಿಲು ಮುಚ್ಚಲು ಪುರುಸೊತ್ತಾಗಲಿಲ್ಲ. ಮಿಕ್ಕ ಒಂಬತ್ತು ಮನೆಯವರೂ ಬಂದರು. ಇದು ಆಟದ ರೈಲು, ರಟ್ಟಿನ ಊರು ಎಂದು ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. "ಆಟಕ್ಕೂ ಬ್ಯಾಡಾದ್ವಾ ನಾವು?" ಎಂಬುದೇ ಅವರ ಕೊರಗು. ಹನ್ನೊಂದು ಇದ್ದದ್ದು ಇಪ್ಪತ್ತೊಂದಾಯಿತು. ಒಬ್ಬರಿಗೆ ಬಣವೆ, ಒಬ್ಬರಿಗೆ ದನದ ಕೊಟ್ಟಿಗೆ, ಒಬ್ಬರಿಗೆ ಕೊಳವೆಬಾವಿ.

ಮಾಜಿ ಮೆಂಬರು ನಾಗೇಂದ್ರಪ್ಪನವರು ತಮ್ಮ ಅರಮನೆ ನೋಡಿ ಹಿಗ್ಗಿದರು. ನಂತರ ದಿಕ್ಸೂಚಿ ತೆಗೆದು ಹಲಗೆಯ ಮೇಲಿಟ್ಟು ಬಿಳಿಚಿಕೊಂಡರು.

"ಬೆನಕಪ್ಪಾರೆ, ಏನ್ ಅನಾಹುತ ಮಾಡೀರಿ! ನಮ್ಮ ತಲಬಾಗ್ಲು ದಕ್ಷಿಣಕ್ಕೈತೆ!"

"ನಿಮ್ಮನೆ ಬಾಗ್ಲು ಪೂರ್ವಕ್ಕಲ್ವ?"

"ಮನೇದು ಪೂರ್ವಕ್ಕೆ. ಇಲ್ಲಿ ದಕ್ಷಿಣಕ್ಕೆ. ನಿಮ್ಮ ಹಲಿಗೆ ಅಡ್ಡ ಹಾಕೀರಿ."

ಹಲಗೆಯನ್ನು ತಿರುಗಿಸಲು ನಡುಮನೆಯಲ್ಲಿ ಜಾಗವಿಲ್ಲ. ಒಬ್ಬರ ಬಾಗಿಲು ತಿರುಗಿಸಿದರೆ ಮಿಕ್ಕ ಇಪ್ಪತ್ತು ಮನೆಯವರು ಸುಮ್ಮನಿರುವುದಿಲ್ಲ. ಕೊನೆಗೆ ಎಂಟು ಜನ ಹಲಗೆ ಎತ್ತಿ, ಟಿ.ವಿ. ಸ್ಟ್ಯಾಂಡನ್ನು ಅಡುಗೆಮನೆಗೆ ಸಾಗಿಸಿ, ಇಡೀ ಬೀದಿಯನ್ನು ಪೂರ್ವಕ್ಕೆ ತಿರುಗಿಸಿದರು. ದುರ್ಗಾಂಬಿಕಾ ಅಂದಿನಿಂದ ಒಗ್ಗರಣೆ ಹಾಕುತ್ತಾ ಧಾರಾವಾಹಿ ನೋಡತೊಡಗಿದರು. ಹಲಗೆಯ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ. "ಯುಗಾದಿಗೆ ನೋಡ್ತೀನಿ" ಎಂಬುದು ಅವರ ಶಪಥ.

ಇಷ್ಟಾಗುವಾಗ ಹಳಿಯ ಸುತ್ತು ಅತ್ತಿತ್ತ ಸರಿದು ಸರಿದು ಮಾರುತೇಶನ ಮನೆಯ ಮೇಲೆ ಬಂದು ನಿಂತಿತ್ತು. ನಾಯಿಯ ದೆಸೆಯಿಂದ ಅದು ಮೊದಲೇ ಬೆಂಕಿಪೊಟ್ಟಣದಷ್ಟು ಚಿಕ್ಕ ಮನೆ. ಬೆನಕಪ್ಪನವರು ಅದನ್ನು ಒಂದು ಗಳಿಗೆ ಎತ್ತಿ ಪಕ್ಕಕ್ಕಿಟ್ಟರು. ಸುದ್ದಿ ಹೇಗೆ ಹೋಯಿತೋ, ಕಾಲು ಗಂಟೆಯಲ್ಲಿ ಮಾರುತೇಶ ಏದುಸಿರು ಬಿಡುತ್ತಾ ಬಂದ.

"ಬೆನಕಪ್ಪಣ್ಣ, ನಮ್ಮನೆ ಕಿತ್ತಿಟ್ಟೀರಂತೆ?"

"ಸುಮ್ನೆ ಹಂಗೆ, ಹಳಿ ಹಾಕಾಕೆ..."

"ಅಣ್ಣ, ಪವಿತ್ರಂಗೆ ಏಳು ತಿಂಗ್ಳು! ಬಸುರಿ ಇರೋ ಮನ್ಯಾಗೆ ಗ್ವಾಡಿಗೆ ಒಂದು ಮೊಳೆ ಹೊಡಿಯಾಕೆ ಬಿಡಾಕಿಲ್ಲ ನಮ್ಮವ್ವ. ನೀವು ಮನೇನೇ ಕಿತ್ತೀರಲ್ಲ!"

"ಅದು ರಟ್ಟಿನ ಮನೆ ಕಣೋ ಮಾರುತೇಶ."

"ರಟ್ಟಿಂದೋ ಇಟ್ಟಿಗೇದೋ, ಮನೆ ನಮ್ದು ತಾನೆ? ನೀವೇ ಹೇಳ್ರಿ, ಇದು ಯಾರ ಮನೆ?"

"ನಿಮ್ದು."

"ಒಳಗೆ ಬಸುರಿ ಅದಾಳೋ ಇಲ್ವೋ?"

ಬೆನಕಪ್ಪನವರು ಬೆಂಕಿಪೊಟ್ಟಣದಷ್ಟು ಮನೆಯನ್ನು ಎತ್ತಿ ಕಿಟಕಿಯಲ್ಲಿ ಇಣುಕಿಯೇ ಬಿಟ್ಟರು. ಅವರ ತಲೆ ಆ ಮಟ್ಟಕ್ಕೆ ಬಂದಿತ್ತು. ಮನೆಯನ್ನು ಇದ್ದಲ್ಲೇ ಇಟ್ಟರು. ಪವಿತ್ರಳಿಗೆ ದಿನ ತುಂಬುವುದು ಯುಗಾದಿ ಕಳೆದು ಒಂದು ತಿಂಗಳಿಗೆ. ಅಲ್ಲಿಯತನಕ ಆ ಮನೆ ಅಲುಗುವಂತಿಲ್ಲ ಎಂದಾಯಿತು.

ಉಳಿದದ್ದು ಬೀದಿಯ ನಡುವಿನ ರಸ್ತೆ. ಸುತ್ತು ಬೇಡ, ರಸ್ತೆಯ ಅಂಚಿಗೆ ನೇರ ಹಳಿ ತರಿಸಿ ಹಾಕಿದರೆ ಹೇಗೆ ಎಂದು ಬೆನಕಪ್ಪನವರು ಯೋಚಿಸುತ್ತಿರುವಾಗ ಪಂಚಾಯ್ತಿಯ ಪಿಡಿಒ ಉಷಾರಾಣಿ ಮೇಡಂ ತೆರಿಗೆ ರಸೀದಿ ಕೊಡಲು ಬಂದವರು ಒಳಗೆ ಇಣುಕಿದರು. ಸಂತೋಷದಿಂದ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಸರ್, ಚರಂಡಿ ಎಲ್ಲಿ?"

"ಚರಂಡಿ ಯಾಕೆ ಮೇಡಂ, ರೈಲು ಇದು."

"ರೈಲು ಇರ್ಲಿ ಸರ್. ಮೊನ್ನೆ ತಾನೆ ಎರಡೂ ಕಡೆ ಚರಂಡಿ ಮಾಡ್ಸಿದೀವಿ, ನಾನೇ ಬಿಸ್ಲಾಗೆ ನಿಂತು ಮಾಡ್ಸಿದೀನಿ. ನಿಮ್ಮ ಊರು ನೋಡಿದೋರು ಈ ಪಂಚಾಯ್ತಿಯೋರು ಏನೂ ಕೆಲ್ಸ ಮಾಡಿಲ್ಲ ಅಂದ್ಕೊಳ್ಳಲ್ವ? ಕಸದ ತೊಟ್ಟಿನೂ ಎರಡು ಹಾಕ್ಬಿಡ್ರಿ. ಹಸಿ, ಒಣ."

ಸರ್ಕಾರಿ ಮಾತು. ರಸ್ತೆಯ ಎರಡೂ ಅಂಚಿಗೆ ಚರಂಡಿ ಬಂತು, ಹಸಿರು ನೀಲಿ ತೊಟ್ಟಿ ಬಂದವು, ಹಳಿಯ ಯೋಚನೆ ಹೋಯಿತು.

ಯುಗಾದಿಗೆ ಒಂದು ವಾರ ಇರುವಾಗ ಬೆನಕಪ್ಪನವರು ಈಶ್ವರನ ಗುಡಿ ಕಟ್ಟೆಯ ಮೇಲೆ ಬೀದಿಯವರ ಸಭೆ ಕರೆದರು. ನಿಂತು ಕೈ ಮುಗಿದರು.

"ನೋಡ್ರಪ್ಪ, ನಂಗೆ ಬೇಕಾಗಿರೋದು ಮೂರಡಿ ಜಾಗ. ಮೂರೇ ಅಡಿ. ಅದು ಸಿಗ್ಲಿಲ್ಲ ಅಂದ್ರೆ ನಾನು ರೇವಣ್ಣನ ಮಂಟಪದಾಗೆ ಸೌಟು ಎಣಿಸ್ಬೇಕಾಗ್ತೈತೆ. ಈ ವಯಸ್ನಾಗೆ ನಂಗೆ ಆ ಗತಿ ತರಬ್ಯಾಡ್ರಿ."

ಸಭೆ ಮರುಗಿತು. ರೈಲು ಬೇಕೇ ಬೇಕು ಎಂದು ನಾಗೇಂದ್ರಪ್ಪನವರು ಠರಾವು ಮಂಡಿಸಿದರು. ಎಲ್ಲರೂ ಕೈ ಎತ್ತಿದರು. ಅಜ್ಜಮ್ಮ ಎರಡೂ ಕೈ ಎತ್ತಿದಳು. ಹಾಗಾದರೆ ಜಾಗ ಯಾರದ್ದು ಎಂದು ಬೆನಕಪ್ಪನವರು ಕೇಳಿದರು. ಎತ್ತಿದ ಕೈಗಳೆಲ್ಲ ಪಕ್ಕದ ಮನೆಯವರನ್ನು ತೋರಿಸಿದವು.

"ಅಜ್ಜಮ್ಮನ ಬಣವೆ ತೆಗೀರಿ, ಹುಲ್ಲು ತಾನೆ."

"ಹುಲ್ಲಾ? ನಿನ್ನ ಟ್ಯಾಂಕಿನಾಗೆ ನೀರೈತಾ? ಅದ್ನ ತೆಗಿ ಮೊದ್ಲು!"

"ಸುರಂಗ ಮಾಡ್ರಿ ಬೆನಕಪ್ಪಣ್ಣ, ಹಲಿಗೆ ಕೆಳಗೆ ಓಡ್ಸಿ."

"ಕೆಳಗೆ ಓಡಿದ್ರೆ ನಮಗೆ ಕಾಣೋದು ಹೆಂಗೆ?"

ವಾಮನ ಬಂದು ಕೈ ಚಾಚಿದಾಗ ಬಲಿ ಚಕ್ರವರ್ತಿ ಮರುಮಾತಿಲ್ಲದೆ ಮೂರಡಿ ಕೊಟ್ಟ. ಅವನು ಚಕ್ರವರ್ತಿ, ಅವನಿಗೆ ಹಿತ್ತಲಿನ ಬೆಲೆ ಏನು ಗೊತ್ತು? ಹೊಂಡದ ಬೀದಿ ಮೂರು ತಾಸು ವಾದ ಮಾಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ರೈಲಿಗೆ ಜೈ ಎಂದು ಎದ್ದುಹೋಯಿತು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ದುರ್ಗಾಂಬಿಕಾ ಮಾವಿನ ಸೊಪ್ಪು ತರಲು ಹೋಗಿದ್ದಾಗ ಬೆನಕಪ್ಪನವರು ಹಲಗೆಯ ಮುಂದೆ ಒಬ್ಬರೇ ನಿಂತರು. ಎಲ್ಲರ ಮನೆಯೂ ಇತ್ತು. ಬೀದಿಯ ಕೊನೆಗೆ ತಮ್ಮ ಮನೆ, ಅದರ ಹಿಂದೆ ತಮ್ಮ ಹಿತ್ತಲು. ಸ್ವಂತ ಹಿತ್ತಲಾದ್ದರಿಂದ ಅಳೆಯುವಾಗ ಕರಿಬೇವು, ನುಗ್ಗೆ ನೋಡುತ್ತಾ ಆರಾಮವಾಗಿ ನಡೆದಿದ್ದರು. ಪುಟ್ಟ ಹೆಜ್ಜೆಯಿಂದಾಗಿ ಹಿತ್ತಲು ಹಲಗೆಯ ಮೂಲೆಯನ್ನೆಲ್ಲ ತುಂಬಿಕೊಂಡಿತ್ತು. ಹಳಿಯ ಸುತ್ತು ಅದರ ಮೇಲಿಟ್ಟು ನೋಡಿದರು. ನಾಲ್ಕು ಬೆರಳು ಸಾಲದು. ಮನೆಯನ್ನೂ ಎತ್ತಿದರು. ಸುತ್ತು ಸರಿಯಾಗಿ ಕೂತಿತು.

ಅವರು ಕುಣಿಯುವುದೊಂದು ಬಾಕಿ. ತಮ್ಮದೇ ಮನೆ, ಕೇಳುವವರು ಯಾರು? ರಟ್ಟಿನ ಮನೆಯನ್ನು ಅಕ್ಕಿ ಡಬ್ಬಿಯ ಹಿಂದೆ ಸರಿಸಿಟ್ಟರು.

ಯುಗಾದಿ ಬೆಳಿಗ್ಗೆ ಎಣ್ಣೆ ನೀರು ಮುಗಿಸಿ, ಹೊಸ ಪಂಚೆಯುಟ್ಟು, ಹಳೇ ಡ್ಯೂಟಿಯ ಸೀಟಿ ಕೊರಳಿಗೆ ಹಾಕಿಕೊಂಡು ಬೆನಕಪ್ಪನವರು ನಿಂತರು. ಬೀದಿಗೆ ಬೀದಿಯೇ ನಡುಮನೆಯಲ್ಲಿತ್ತು. ಪವಿತ್ರಳಿಗೆ ಕುರ್ಚಿ ಹಾಕಿದ್ದರು. ಅಜ್ಜಮ್ಮನ ಕೈಯಲ್ಲಿ ಹಸಿರು ಬಾವುಟ. ರೇವಣ್ಣ ಮುಖ ಸಪ್ಪಗೆ ಮಾಡಿಕೊಂಡು ಗೋಡೆಗೆ ಒರಗಿದ್ದ, ಸೌಟು ಎಣಿಸುವವರನ್ನು ಬೇರೆ ಕಡೆ ಹುಡುಕಬೇಕಲ್ಲ ಎಂದು. ಎಂಜಿನ್ನಿಗೆ ಕುಂಕುಮ ಹಚ್ಚಿಯಾಗಿತ್ತು. ಬೆನಕಪ್ಪನವರು ಸ್ವಿಚ್ಚಿನ ಮೇಲೆ ಬೆರಳಿಟ್ಟರು.

"ತಡೀರಿ, ಬೇವು ಬೆಲ್ಲ ತಗೊಂಡು ಓಡ್ಸಿ," ಎನ್ನುತ್ತಾ ದುರ್ಗಾಂಬಿಕಾ ತಟ್ಟೆ ಹಿಡಿದು ಬಂದರು. ಮೂರು ತಿಂಗಳ ಶಪಥ ಮುಗಿದಿತ್ತು. ಮೊದಲ ಸಲ ಹಲಗೆ ನೋಡಿದರು. ಮುಖ ಅರಳಿತು. "ಅಯ್ಯ, ಇದು ಅಜ್ಜಮ್ಮನ ಮನೆ! ಕೋಳಿಗೂಡು ನೋಡು! ಇದು ಗುಡಿ, ಇದು ಮೆಂಬರ ಮನೆ..." ಬೆರಳು ಬೀದಿಯ ಉದ್ದಕ್ಕೂ ಬಂತು, ಕೊನೆಗೆ ಬಂತು, ಹಳಿಯ ಮೇಲೆ ನಿಂತಿತು.

"ರೀ. ನಮ್ಮನೆ ಎಲ್ಲಿ?"

ಅಜ್ಜಮ್ಮನ ಬಾವುಟ ಕೆಳಗಿಳಿಯಿತು.

"ಅದು... ರೈಲಿಗೆ ಹೋತು," ಎಂದರು ಬೆನಕಪ್ಪನವರು.

"ಎಲ್ರ ಮನೆನೂ ಐತೆ," ಎಂದರು ದುರ್ಗಾಂಬಿಕಾ. ದನಿ ಸಣ್ಣದಾಗಿತ್ತು. "ಕಸದ ತೊಟ್ಟಿ ಐತೆ. ಮೂವತ್ತೆರಡು ವರ್ಷ ದಿನಾ ಆ ಹೊಸ್ತಿಲಿಗೆ ರಂಗೋಲಿ ಹಾಕೀನಿ ನಾನು. ನಂದೊಂದು ಮನೆ ಇಲ್ಲ."

ಬೈದಿದ್ದರೆ ಬೆನಕಪ್ಪನವರು ತಡೆದುಕೊಳ್ಳುತ್ತಿದ್ದರು, ಅಭ್ಯಾಸವಿತ್ತು. ದುರ್ಗಾಂಬಿಕಾ ಸೆರಗಿನಿಂದ ಕಣ್ಣೊತ್ತಿಕೊಂಡರು. ಇಷ್ಟು ದಿನ ಒಂದು ಬೆರಳು ಜಾಗ ಬಿಡದ ಬೀದಿ ಈಗ ಧರ್ಮದ ಪಕ್ಷಕ್ಕೆ ಸೇರಿತು.

"ವರ್ಷದ ಮೊದ್ಲ ದಿನ ಮನೆ ಹೆಣ್ಮಗಳ ಮನೆ ತೆಗೀತಾರೇನ್ರೀ?" ಎಂದರು ನಾಗೇಂದ್ರಪ್ಪನವರು.

"ಬುದ್ಧಿ ಬ್ಯಾಡ್ವಾ ನಿಂಗೆ?" ಎಂದಳು ಅಜ್ಜಮ್ಮ, ಹಸಿರು ಬಾವುಟ ಮಡಚುತ್ತಾ.

"ಅಕ್ಕ, ಓಡ್ಲಿ ಬಿಡು, ಆಮ್ಯಾಲೆ ನೋಡಾಣ," ಎಂದವನು ರೇವಣ್ಣ ಒಬ್ಬನೇ. ಭಾವನ ಮುಖ ಕಂಡು ಸೌಟು ಮರೆತಿದ್ದ.

ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒತ್ತಿದರೆ ಗೆದ್ದಂತೆ, ಸಾಯುವ ತನಕ ರೈಲು. ಬೆನಕಪ್ಪನವರು ಹೆಂಡತಿಯ ಮುಖ ನೋಡಿದರು, ಹಳಿ ನೋಡಿದರು. ಅವರಿಗೆ ಅಳು ಬಂತು. ಬೆರಳು ತೆಗೆದು, ಹಳಿಗಳ ಕೊಂಡಿ ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿದರು. ಅಕ್ಕಿ ಡಬ್ಬಿಯ ಹಿಂದಿನಿಂದ ಮನೆ ತಂದು ಇದ್ದಲ್ಲಿಟ್ಟರು. ಬಾಗಿಲು ಪೂರ್ವಕ್ಕಿದೆಯೇ ಎಂದು ಎರಡು ಸಲ ನೋಡಿದರು.

"ಮಗಳ ಪತ್ರಿಕೇದು," ಎಂದರು ದುರ್ಗಾಂಬಿಕಾ, ಗೋಡೆಯ ಮೇಲಿನ ಹೆಸರು ಸವರಿ.

"ಹೂಂ."

ಮಾರನೆ ದಿನವೇ ಬೆನಕಪ್ಪನವರು ಬುತ್ತಿ ಕಟ್ಟಿಕೊಂಡು ಮಂಟಪಕ್ಕೆ ಹೋದರು. ಕೊಟ್ಟ ಮಾತು ಮಾತೇ. ಹಲಗೆಯನ್ನು ಮಾಳಿಗೆಗೆ ಸಾಗಿಸಿದ ದುರ್ಗಾಂಬಿಕಾ, ಮನೆಗಳನ್ನು ಕೀಳಲು ಮನಸ್ಸಾಗದೆ, ನಡುನಡುವೆ ಸಿಕ್ಕ ಜಾಗದಲ್ಲೂ ರಟ್ಟಿನ ಮಾಳಿಗೆಗಳ ಮೇಲೂ ಹಾಳೆ ಹಾಸಿ ಸಂಡಿಗೆ ಇಟ್ಟರು. ತಮ್ಮ ಮಹಡಿಯ ಮೇಲೆ ಅಜ್ಜಮ್ಮನ ಬಣವೆಗಿಂತ ಎರಡು ಸಂಡಿಗೆ ಕಡಿಮೆ ಇದ್ದವೆಂದು ನಾಗೇಂದ್ರಪ್ಪನವರು ಬೇಸರ ಮಾಡಿಕೊಂಡದ್ದು ಬೇರೆ ಮಾತು.

ಮಂಟಪದಲ್ಲಿ ಲಗ್ನಗಳ ಸುಗ್ಗಿ. ಬೆನಕಪ್ಪನವರು ಸೌಟು ಕೊಟ್ಟರು, ಸೌಟು ತಗೊಂಡರು. ನಲವತ್ತು ಕೊಟ್ಟರೆ ನಲವತ್ತೆರಡು ಬಂದವು. ಹೆಚ್ಚಿನ ಎರಡು ಯಾರದ್ದೆಂದು ತಿಳಿಯದೆ ಮೈಕಿನಲ್ಲಿ ಕೂಗಿ, ಮರುದಿನದ ಮದುವೆಯ ಧಾರೆಯ ಹೊತ್ತಿಗೆ ಗಲಿಬಿಲಿ ಎಬ್ಬಿಸಿದರು. ವೈಶಾಖ ಹೋಯಿತು, ಜ್ಯೇಷ್ಠ ಹೋಯಿತು. ಮಾರುತೇಶನಿಗೆ ಹೆಣ್ಣು ಮಗು ಹುಟ್ಟಿತು. ಬೆನಕಪ್ಪನವರು ಮೂಲೆಯ ರೂಮಿನಲ್ಲಿ ಇಳಿದು ಹೋದ ಮುಖ ಹೊತ್ತು ಕೂತೇ ಇದ್ದರು.

ಆಮೇಲೆ ಒಂದು ಬೆಳಿಗ್ಗೆ ರೇವಣ್ಣ ಬಂದು ಎಲ್ಲ ಫ್ಯಾನಿನ ಸ್ವಿಚ್ಚು ಆರಿಸಿ, ಬೀಗದ ಕೈ ಭಾವನ ಕೈಗಿಟ್ಟ.

"ಇವತ್ತಿಂದ ಆಷಾಢ, ಭಾವಾರೆ. ಒಂದು ತಿಂಗ್ಳು ಒಂದು ಮದ್ವೆ ಇಲ್ಲ, ಒಂದು ನಿಶ್ಚಿತಾರ್ಥ ಇಲ್ಲ. ಸುಮ್ನೆ ಕಾವಲಿದ್ರೆ ಸಾಕು."

ರೇವಣ್ಣ ಹೋದ. ಬೆನಕಪ್ಪನವರು ಸಭಾಂಗಣದ ಬಾಗಿಲಲ್ಲಿ ನಿಂತರು. ಕುರ್ಚಿಗಳನ್ನೆಲ್ಲ ಗೋಡೆಗೆ ಪೇರಿಸಿದ್ದರು. ಎಂಬತ್ತಡಿ ಉದ್ದ, ನಲವತ್ತಡಿ ಅಗಲ, ನುಣ್ಣನೆ ನೆಲ. ಒಂದು ಮನೆ ಇಲ್ಲ, ಒಂದು ಬಣವೆ ಇಲ್ಲ, ಚರಂಡಿ ಇಲ್ಲ. ಚಪ್ಪಲಿ ಬಿಟ್ಟು, ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಎಣಿಸಿದರು. ನಂತರ ಓಡಿಹೋಗಿ ಬಸ್ಸು ಹಿಡಿದರು.

ಮರುದಿನ ಮಧ್ಯಾಹ್ನ ಊಟ ತಂದ ದುರ್ಗಾಂಬಿಕಾ ಮಂಟಪದ ಗೇಟಿನಲ್ಲೇ ಗಕ್ಕನೆ ನಿಂತರು. ಒಳಗಿನಿಂದ ಮೈಕಿನ ದನಿ ಬರುತ್ತಿತ್ತು. "ಪ್ರಯಾಣಿಕರ ಗಮನಕ್ಕೆ. ಜಗಳೂರಿನಿಂದ ಹೊರಟು ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ ಮಾರ್ಗವಾಗಿ ನ್ಯಾಮತಿಗೆ ಹೋಗುವ ಗಾಡಿ ಈಗ ಹೊರಡಲಿದೆ." ಆ ದೊಡ್ಡ ನೆಲದ ನಟ್ಟನಡುವೆ ಮೂರಡಿ ಸುತ್ತಿನಲ್ಲಿ ರೈಲು ಟಕಟಕ ಓಡುತ್ತಿತ್ತು. ಗಂಡ ಧಾರೆ ಮಂಟಪದ ಮೇಲೆ, ಮದುಮಕ್ಕಳ ಸಿಂಹಾಸನದಲ್ಲಿ ಮೈಕು ಹಿಡಿದು ಕೂತಿದ್ದರು. ಮುಖದಲ್ಲಿ ಆರು ತಿಂಗಳಿಂದ ಕಾಣದಿದ್ದ ಕಳೆಯಿತ್ತು.

ದುರ್ಗಾಂಬಿಕಾ ರೈಲು ಮೂರು ಸುತ್ತು ಬರುವತನಕ ನೋಡಿದರು. ಸಂಜೆ ಊರಿಗೆ ಹೋಗಿ, ಮಾರನೆ ದಿನ ಬುತ್ತಿ ಚೀಲದಲ್ಲಿ ಇನ್ನೊಂದು ಗಂಟು ತಂದರು. ಬಿಚ್ಚಿ, ಒಳಗಿದ್ದ ರಟ್ಟಿನ ಮನೆಯನ್ನು ಹಳಿಯ ಪಕ್ಕಕ್ಕಿಟ್ಟು, ಸೆರಗಿನ ತುದಿಗೆ ಕಟ್ಟಿದ್ದ ರಂಗೋಲಿ ಪುಡಿಯಿಂದ ಮುಂದೆ ನಾಲ್ಕು ಚುಕ್ಕಿ ಇಟ್ಟರು.

"ಇಲ್ಲೊಂದು ಸ್ಟಾಪ್ ಕೊಡ್ರಿ," ಎಂದರು.

"ರಿಕ್ವೆಸ್ಟ್ ಸ್ಟಾಪಾ, ಪರ್ಮನೆಂಟಾ?" ಎಂದರು ಬೆನಕಪ್ಪನವರು. ದನಿ ಯಾಕೋ ಒದ್ದೆಯಾಗಿತ್ತು.

"ಪರ್ಮನೆಂಟು."

ಅಷ್ಟು ಹೊತ್ತಿಗೆ ಗೇಟಿನ ಮುಂದೆ ಬಸ್ಸು ನಿಂತ ಸದ್ದಾಯಿತು. ಬೆನಕಪ್ಪನವರು ಕಿಟಕಿಯಲ್ಲಿ ನೋಡಿದರು. ಮೊದಲು ಅಜ್ಜಮ್ಮ ಇಳಿದಳು, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು. ಹಿಂದೆ ನಾಗೇಂದ್ರಪ್ಪನವರು, ಎರಡೂ ಕೈಯಲ್ಲಿ ಟವೆಲು ಮುಚ್ಚಿದ ಅರಮನೆ, ಹಲ್ಲಲ್ಲಿ ಕಚ್ಚಿದ ದಿಕ್ಸೂಚಿ. ಅವರ ಹಿಂದೆ ಮಾರುತೇಶ, ಶರ್ಟಿನ ಜೇಬಿನಲ್ಲಿ ಮನೆ.

"ದುರ್ಗಾ, ಬೀದಿಗೆಲ್ಲ ಹೇಳಿದ್ಯಾ?"

"ಬಸ್‌ಸ್ಟಾಪ್ನಾಗೆ ಮನೆ ಬೀಗದ ಕೈ ಕೊಡೋವಾಗ ಅಜ್ಜಮ್ಮ ಒಬ್ಳಿಗೇ ಹೇಳ್ದೆ ಅಷ್ಟೆ."

ಹಾಗಾದರೆ ಮಿಕ್ಕ ಇಪ್ಪತ್ತೂ ಮನೆ ಬರುವುದು ಖಂಡಿತ. ಬೆನಕಪ್ಪನವರು ನೆಲದ ಉದ್ದ ನೋಡಿದರು, ಅಗಲ ನೋಡಿದರು. ಕೋಳಿಗೂಡಿಗೂ ಜಾಗವಿತ್ತು. ಅಪರೂಪಕ್ಕೆ ತಲೆ ತಿಳಿಯಾಗಿತ್ತು. ಒಂದೇ ಒಂದು ಚಿಂತೆ ಉಳಿದಿತ್ತು. ಮೊಬೈಲು ತೆಗೆದು, ಮಂಟಪದ ಮುಹೂರ್ತಗಳನ್ನೆಲ್ಲ ನೋಡುವ ಶಾಸ್ತ್ರಿಗಳಿಗೆ ಫೋನು ಹಚ್ಚಿ, ಕೈಯಿಂದ ಬಾಯಿ ಮರೆಮಾಡಿ ಕೇಳಿದರು.

"ಸ್ವಾಮಿ, ಒಸಿ ಪಂಚಾಂಗ ನೋಡಿ ಹೇಳ್ತೀರಾ? ಈ ಸಲ ಎರಡು ಆಷಾಢ ಏನಾದ್ರೂ ಬರ್ತಾವಾ?"